ಏಳನೇ ಮಾರ್ಗದ ಇಪ್ಪತ್ತಾರು ಸಾಲು

ಸಾಲು ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆದರೂ ಆ ಆಫೀಸಿನಲ್ಲಿ ಅವರನ್ನು ಬೇರೆ ಹೆಸರಿನಿಂದ ಕರೆದವರಿಲ್ಲ. ಹನ್ನೊಂದು ಶಾಲೆಗಳ ಬಸ್ಸುಗಳ ವೇಳಾಪಟ್ಟಿ ನೋಡಿಕೊಳ್ಳುವ ಸಣ್ಣ ಕಂಪನಿ ಅದು. ಎರಡನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ಬಲಕ್ಕೆ ಕುಡಿಯುವ ನೀರಿನ ಕ್ಯಾನು. ಅದರ ಪಕ್ಕದ ಮೇಜು ಮೇಷ್ಟ್ರದು. ನೀರಿಗೆ ಬಂದವರೆಲ್ಲ ಅವರ ಬೆನ್ನ ಹಿಂದೆ ಒಂದು ಗಳಿಗೆ ನಿಂತು ನೋಡಿಯೇ ಹೋಗುತ್ತಿದ್ದರು. ನೋಡುವಂಥದ್ದೇ ಇತ್ತು. ಐವತ್ತೆಂಟರ ಮನುಷ್ಯ ಪರದೆಗೆ ಅಡ್ಡಲಾಗಿ ಉಕ್ಕಿನ ಅಡಿಪಟ್ಟಿಯೊಂದನ್ನು ಹಿಡಿದು, ಒಂದೊಂದೇ ಸಾಲು ಕೆಳಗಿಳಿಸುತ್ತ, ತುಟಿಯೊಳಗೇ ಓದಿಕೊಳ್ಳುತ್ತಿದ್ದರು. "ನಿಲ್ದಾಣ ನಾಲ್ಕು, ಔಷಧಿ ಅಂಗಡಿ ಎದುರು, ಏಳು ಗಂಟೆ ಹದಿನೆಂಟು, ಮಕ್ಕಳು ಆರು."

"ಮೇಷ್ಟ್ರೇ, ಕಂಪ್ಯೂಟರಿಗೂ ಚೌಕಟ್ಟು ಹಾಕ್ತಿದ್ದೀರಾ?" ಎಂದು ಗಡ್ಡದ ಹುಡುಗನೊಬ್ಬ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದ.

"ನಿನ್ನ ಗಡ್ಡಕ್ಕೆ ಹಾಕಬೇಕು ಅಂತಿದ್ದೆ. ಅಡಿಪಟ್ಟಿ ಸಾಲಲ್ಲ," ಎಂದು ಅವರು ತಿರುಗಿಯೂ ನೋಡದೆ ಹೇಳುತ್ತಿದ್ದರು.

ಮೊದಲು ಅವರು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದರಂತೆ. ರೈಲಿನ ವೇಳಾಪಟ್ಟಿಯ ಪುಸ್ತಕ, ಉದ್ದುದ್ದ ಅಂಕಿಗಳ ಕಾಲಮ್ಮು. ಒಬ್ಬ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ನೋಡಬೇಕು. ಇಪ್ಪತ್ತು ವರ್ಷ ಹಾಗೆ ಕೂತೆದ್ದು, ಮುದ್ರಣಾಲಯಕ್ಕೆ ಬೀಗ ಬಿದ್ದ ಮೇಲೆ ನಲವತ್ತಾರನೇ ವಯಸ್ಸಿಗೆ ಕಂಪ್ಯೂಟರ್ ಕಲಿತರು. ಮದುವೆಯಾಗಲಿಲ್ಲ. ಅಕ್ಕನ ಜೊತೆ ಎರಡು ಕೋಣೆಯ ಮನೆಯಲ್ಲಿ ಇದ್ದರು. ಆ ಅಕ್ಕ ದಿನಾ ನಾಲ್ಕು ಗಂಟೆಗೆ ಸರಿಯಾಗಿ ಫೋನ್ ಮಾಡಿ, "ಮರೀ, ಡಬ್ಬಿ ಖಾಲಿ ಮಾಡಿದೆಯಾ?" ಎಂದು ಕೇಳುವುದು ಇಡೀ ಮಹಡಿಗೆ ಕೇಳಿಸುತ್ತಿತ್ತು. ಮೇಷ್ಟ್ರು ನಾಚದೆ, "ಮಾಡಿದೆ ಕಣಕ್ಕಾ," ಎಂದು ಅಷ್ಟೇ ಗಟ್ಟಿಯಾಗಿ ಹೇಳುತ್ತಿದ್ದರು.

ಹನ್ನೆರಡು ವರ್ಷದಲ್ಲಿ ಅವರ ಪಟ್ಟಿಯಲ್ಲಿ ಒಂದು ತಪ್ಪೂ ಸಿಕ್ಕಿರಲಿಲ್ಲ. ಹಾಗಂತ ಯಾರೂ ಅದನ್ನು ದೊಡ್ಡದಾಗಿ ಆಡಿದ್ದೂ ಇಲ್ಲ. ತಪ್ಪಿಲ್ಲದ್ದು ಯಾರ ಕಣ್ಣಿಗೆ ಬೀಳುತ್ತದೆ? ಕಣ್ಣಿಗೆ ಬೀಳುತ್ತಿದ್ದದ್ದು ಅವರ ನಿಧಾನ. ಅದು ಎಲ್ಲರಿಗಿಂತ ಹೆಚ್ಚು ಬಿದ್ದದ್ದು ಅವಳ ಕಣ್ಣಿಗೆ.

ಅವಳು ಅದೇ ಕಂಪನಿಯ ಪ್ರೋಗ್ರಾಮರ್. ಮೇಷ್ಟ್ರು ತಿದ್ದಿದ ಪಟ್ಟಿಯನ್ನು ಸಂಜೆ ಪರಿಶೀಲಿಸಿ ಚಾಲಕರಿಗೂ ಪೋಷಕರಿಗೂ ಕಳಿಸುವುದು ಅವಳ ಪಾಲಿನ ಕೆಲಸ. ಅವರು ಮುಗಿಸುವ ತನಕ ಅವಳು ಏಳುವಂತಿರಲಿಲ್ಲ. ಹತ್ತು ತಿಂಗಳ ಮಗಳು ಡೇಕೇರಿನಲ್ಲಿ. ಡೇಕೇರ್ ಮುಚ್ಚುವುದು ಐದೂವರೆಗೆ. ಮೂರು ಸಲ ಅವಳು ಓಡೋಡಿ ಹೋದಾಗ ಒಳಗಿನ ದೀಪ ಆರಿಸಿ, ಆಯಾ ಮಗುವನ್ನೆತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಮೂರನೇ ಸಲ ಆಯಾ ಏನೂ ಅನ್ನಲಿಲ್ಲ, ಮಗುವಿನ ಟೋಪಿ ಸರಿಮಾಡಿ ಕೈಗೆ ಕೊಟ್ಟಳು ಅಷ್ಟೇ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆ ವಾರ ಮಗುವಿಗೆ ಶೀತವಾದದ್ದಕ್ಕೂ ಆ ಮೆಟ್ಟಿಲೇ ಕಾರಣ ಎಂದು ಅವಳು ತೀರ್ಮಾನಿಸಿ, ದಿನಕ್ಕೆ ಆರು ಸಲ ಥರ್ಮಾಮೀಟರ್ ಇಟ್ಟು, ಗಂಡನಿಂದ ಬೈಸಿಕೊಂಡಿದ್ದಳು.

ಅವಳ ಎಡಿಟರಿನ ಕಥೆಯೇ ಬೇರೆ. ಪ್ರೋಗ್ರಾಂ ಬರೆಯುವ, ತಿದ್ದುವ ಆ ಸಾಧನ ಬರೀ ಕಪ್ಪು ಪರದೆ. ಮೌಸಿಗೆ ಕೆಲಸವಿಲ್ಲ, ಒತ್ತಲು ಗುಂಡಿಗಳಿಲ್ಲ. ಅಕ್ಷರ ಒತ್ತಿದರೆ ಅಕ್ಷರ ಮೂಡುವುದಿಲ್ಲ, ಆಜ್ಞೆ ನಡೆಯುತ್ತದೆ. ಒಂದಕ್ಕೆ ಇಡೀ ಸಾಲು ಮಾಯ, ಇನ್ನೊಂದಕ್ಕೆ ಪುಟವೇ ತಲೆಕೆಳಗು. ಅದನ್ನು ಪಳಗಿಸಲು ಒಂದು ವರ್ಷ ಹೆಣಗಿದ್ದಳು. ಪಳಗಿದ ಮೇಲೆ ಮಾತ್ರ ಅವಳ ಬೆರಳು ಮನಸ್ಸಿಗಿಂತ ಮುಂದೆ ಓಡುತ್ತಿದ್ದವು. ಮೇಷ್ಟ್ರದು ಸಾದಾ ಬಿಳಿ ಹಾಳೆ. ಏನು ಒತ್ತಿದರೆ ಅದೇ ಮೂಡುತ್ತದೆ, ಮತ್ತೇನೂ ಆಗುವುದಿಲ್ಲ. ಒಮ್ಮೆ ಅವಳ ಬಲವಂತಕ್ಕೆ ಅವಳ ಕುರ್ಚಿಯಲ್ಲಿ ಕೂತು, ಅಲ್ಲಿ ತಮ್ಮ ಹೆಸರು ಬರೆಯಲು ಹೋಗಿ ಹದಿನಾಲ್ಕು ಸಾಲು ಅಳಿಸಿ ಹಾಕಿದರು.

"ಇದು ಕತ್ತಿ ಕಣಮ್ಮ," ಎಂದು ಎರಡೂ ಕೈ ಮೇಲೆತ್ತಿ ಎದ್ದರು. "ನಂಗೆ ಚಮಚ ಸಾಕು."

"ಚಮಚದಲ್ಲಿ ಎಷ್ಟು ದಿನ ಬಾವಿ ತೋಡ್ತೀರಿ ಮೇಷ್ಟ್ರೇ?"

"ಹನ್ನೆರಡು ವರ್ಷ ಆಯ್ತು. ನೀರು ಬರ್ತಾನೇ ಇದ್ಯಲ್ಲ?"

ಆಫೀಸೆಲ್ಲ ನಕ್ಕಿತು. ಅವಳೂ ನಕ್ಕಳು. ಆದರೆ ಅದರ ಮರುವಾರವೇ ಒಂದು ಮಧ್ಯಾಹ್ನ ಅವರ ಕಂಪ್ಯೂಟರಿಗೆ ಹೊಸ ಎಡಿಟರೊಂದನ್ನು ಹಾಕಿಕೊಟ್ಟಳು. ನೋಡಲು ಅವರದೇ ಬಿಳಿ ಹಾಳೆ. ಒಳಗೆ ಮಾತ್ರ ಮ್ಯಾಕ್ರೋ ಇಟ್ಟುಕೊಳ್ಳುವ ತಾಕತ್ತಿತ್ತು. ಮ್ಯಾಕ್ರೋ ಎಂದರೆ ಬೆರಳುಗಳು ಒಮ್ಮೆ ಮಾಡಿದ್ದನ್ನು ನೆನಪಿಟ್ಟುಕೊಂಡು, ಹೇಳಿದಷ್ಟು ಸಲ ಎಡಿಟರ್ ತಾನೇ ಮಾಡುವುದು. ಮುಂದಿನ ವೇಳೆ ಎಲ್ಲಿದೆ ಹುಡುಕು, ಅದರಿಂದ ಹತ್ತು ನಿಮಿಷ ಕಳೆ, ಮುಂದಕ್ಕೆ ಹೋಗು. ಇಷ್ಟನ್ನೂ ಅವಳು ಒಂದೇ ಒಂದು ಕೀಗೆ ಕಟ್ಟಿಹಾಕಿದಳು. ಕೀಲಿಮಣೆಯ ಮೇಲಿನ ಸಾಲಿನಲ್ಲಿ ಒಂಬತ್ತನೆಯದು. ಅದರ ಮೇಲೆ ಹಸಿರು ಬಣ್ಣದ ಚುಕ್ಕಿ ಅಂಟಿಸಿದಳು.

"ನಿಮಗಾಗಿ ಮೇಷ್ಟ್ರೇ. ಒತ್ತಿದ್ರೆ ಎಷ್ಟು ಸಲ ಅಂತ ಕೇಳತ್ತೆ. ಹೇಳಿದ್ರಾಯ್ತು," ಎಂದಳು.

ನಿಮಗಾಗಿ ಎಂದಳು. ಐದು ಗಂಟೆಗೆ ಏಳಬೇಕಾದದ್ದು ಅವಳು.

ಎರಡು ವಾರ ಎಲ್ಲ ಚೆನ್ನಾಗಿಯೇ ನಡೆಯಿತು. ಮೇಷ್ಟ್ರು ಹಸಿರು ಚುಕ್ಕಿ ಒತ್ತಿ, ಆಮೇಲೆ ತಮ್ಮ ಅಡಿಪಟ್ಟಿ ಹಿಡಿದು ಪೂರ್ತಿ ಓದುತ್ತಿದ್ದರು. ಅವಳಿಗೆ ಅದೂ ದಂಡ ಅನ್ನಿಸುತ್ತಿತ್ತು.

ಅಂದು ಮಂಗಳವಾರ. ಏಳನೇ ಮಾರ್ಗದಲ್ಲಿ ರಸ್ತೆ ಅಗೆದಿದ್ದರಿಂದ ಆ ಬಸ್ಸು ಹತ್ತು ನಿಮಿಷ ಮುಂಚೆ ಹೊರಡಬೇಕಿತ್ತು. ಸುದ್ದಿ ಬಂದದ್ದೇ ನಾಲ್ಕೂಮುಕ್ಕಾಲಿಗೆ. ಅವಳು ಬ್ಯಾಗು ಹೆಗಲಿಗೇರಿಸಿ ಮೇಷ್ಟ್ರ ಪಕ್ಕ ಬಂದು ನಿಂತಳು. ಅವರು ಹಸಿರು ಚುಕ್ಕಿ ಒತ್ತಿದರು. ಎಷ್ಟು ಸಲ ಎಂದು ಪರದೆ ಕೇಳಿತು.

ಅವಳು ಬಗ್ಗಿ ಏಳನೇ ಮಾರ್ಗದ ಉದ್ದಕ್ಕೂ ಮೌಸ್ ಎಳೆದಳು. ಕೆಳಗಿನ ಅಂಚಿನಲ್ಲಿ ಸಾಲುಗಳ ಸಂಖ್ಯೆ ಮೂಡಿತು. "ಇಪ್ಪತ್ತಾರು ಹಾಕಿ ಮೇಷ್ಟ್ರೇ."

"ಇಪ್ಪತ್ತಾರಾ?" ಅವರ ಬೆರಳು ನಿಂತಿತು. "ಅಷ್ಟಿಲ್ಲ ಅನ್ಸತ್ತಲ್ಲಮ್ಮ..."

"ಅದೇ ತೋರಿಸ್ತಿದ್ಯಲ್ಲ, ನೋಡಿ. ಹಾಕಿ, ಹಾಕಿ."

ಹಾಕಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ವೇಳೆಗಳೆಲ್ಲ ಬದಲಾದವು. ಮೇಷ್ಟ್ರು ಅಡಿಪಟ್ಟಿ ಎತ್ತಿಕೊಂಡು, "ನಿಲ್ದಾಣ ಒಂದು," ಎಂದು ಶುರುಮಾಡಿದರು.

"ಮೇಷ್ಟ್ರೇ, ಒಂದೇ ಕೀ. ಅದರಲ್ಲಿ ಓದೋಕೆ ಏನಿದೆ?"

ಅವರು ಅವಳ ಮುಖ ನೋಡಿದರು, ಗಡಿಯಾರ ನೋಡಿದರು, ಅಡಿಪಟ್ಟಿ ಕೆಳಗಿಟ್ಟರು. ಅವಳು ತನ್ನ ಮೇಜಿಗೆ ಹೋಗಿ, ಪರಿಶೀಲಿಸಿದೆ ಎನ್ನುವ ಚೌಕದಲ್ಲಿ ಗುರುತು ಹಾಕಿ, ಪಟ್ಟಿ ಕಳಿಸಿ, ಎರಡೆರಡು ಮೆಟ್ಟಿಲು ಹಾರಿ ಇಳಿದಳು. ಐದು ಇಪ್ಪತ್ತಕ್ಕೆ ಮಗಳು ಕಂಕುಳಲ್ಲಿದ್ದಳು.

ಏಳನೇ ಮಾರ್ಗದಲ್ಲಿ ಇದ್ದದ್ದು ಇಪ್ಪತ್ತಮೂರೇ ನಿಲ್ದಾಣ. ಮೂರು ನಿಲ್ದಾಣಗಳ ಹೆಸರು ಉದ್ದವೆಂದು, ಕಣ್ಣು ಸಾಲು ತಪ್ಪಬಾರದೆಂದು, ಮೇಷ್ಟ್ರು ಹಳೆಯ ಮುದ್ರಣಾಲಯದ ಅಭ್ಯಾಸದಂತೆ ಅವನ್ನು ಮುರಿದು ಎರಡೆರಡು ಸಾಲು ಮಾಡಿದ್ದರು. ಪರದೆ ಎಣಿಸಿದ್ದು ಸಾಲು, ಮ್ಯಾಕ್ರೋ ಹುಡುಕಿದ್ದು ವೇಳೆ. ಇಪ್ಪತ್ತಮೂರು ತಿದ್ದಿಯಾದ ಮೇಲೂ ಅದಕ್ಕೆ ಇನ್ನೂ ಮೂರರ ಲೆಕ್ಕ ಬಾಕಿ ಇತ್ತು. ನಿಯತ್ತಾಗಿ ಎಂಟನೇ ಮಾರ್ಗಕ್ಕೆ ದಾಟಿ, ಅಲ್ಲಿನ ಮೊದಲ ಮೂರು ನಿಲ್ದಾಣಗಳನ್ನೂ ಹತ್ತು ನಿಮಿಷ ಹಿಂದಕ್ಕೆ ಎಳೆದು ನಿಂತಿತು. ಹೊಸ ಪಟ್ಟಿ ಚಾಲಕರೆಲ್ಲರಿಗೂ ಹೋಯಿತು; ಸಮಯ ಬದಲಾಗಿದೆ ಎಂಬ ಸಂದೇಶ ಹೋದದ್ದು ಏಳನೇ ಮಾರ್ಗದ ಪೋಷಕರಿಗೆ ಮಾತ್ರ.

ಬುಧವಾರ ಬೆಳಿಗ್ಗೆ ಎಂಟನೇ ಮಾರ್ಗದ ಬಸ್ಸು ಆ ಮೂರೂ ಕಡೆ ಹತ್ತು ನಿಮಿಷ ಮುಂಚೆ ಬಂದು, ಹಾರ್ನ್ ಹೊಡೆದು, ಯಾರೂ ಇಲ್ಲವೆಂದು ಮುಂದೆ ಹೋಯಿತು. ಮೊದಲೆರಡು ಕಡೆಯ ಪೋಷಕರು ಕೂಗಾಡಿ ಆಟೋದಲ್ಲಿ ಮಕ್ಕಳನ್ನು ಕಳಿಸಿದರು. ಮೂರನೆಯದು ಒಂದು ಬೀಗ ಹಾಕಿದ ಗೋದಾಮಿನ ಗೇಟು. ಅಲ್ಲಿ ಆರು ವರ್ಷದ ಹುಡುಗಿಯನ್ನು ನಿಲ್ಲಿಸಿ, ಇನ್ನು ಎರಡು ನಿಮಿಷಕ್ಕೆ ಬಸ್ಸು ಬಂದೇ ಬರುತ್ತದೆಂದು ತಾಯಿ ಕಾರ್ಖಾನೆಯ ಪಾಳಿಗೆ ಹೋಗಿದ್ದಳು. ಆ ಬಸ್ಸು ಒಂದು ದಿನವೂ ಕೈಕೊಟ್ಟಿರಲಿಲ್ಲವಲ್ಲ. ಮಗು ಒಂದು ಗಂಟೆ ಹತ್ತು ನಿಮಿಷ ಅಲ್ಲಾಡದೆ ಅಲ್ಲೇ ನಿಂತಿತ್ತು. ಕೊನೆಗೆ ಎದುರಿನ ಸೈಕಲ್ ರಿಪೇರಿಯವನು ಅದರ ಕೊರಳ ಕಾರ್ಡು ನೋಡಿ ಶಾಲೆಗೆ ಫೋನ್ ಮಾಡಿದ. ಚಡ್ಡಿ ಒದ್ದೆಯಾಗಿತ್ತಂತೆ.

ಹನ್ನೊಂದು ಗಂಟೆಗೆ ಮ್ಯಾನೇಜರು ಎಲ್ಲರನ್ನೂ ಉದ್ದ ಮೇಜಿನ ಸುತ್ತ ಕೂರಿಸಿದರು. ಚಡ್ಡಿಯ ವಿಷಯ ಅವರೇ ಹೇಳಿದ್ದು.

"ಎಂಟನೇ ಮಾರ್ಗ ಮುಟ್ಟು ಅಂತ ಯಾರಾದ್ರೂ ಹೇಳಿದ್ರಾ ಮೇಷ್ಟ್ರೇ?"

"ಇಲ್ಲ ಸರ್."

"ಮತ್ತೆ?"

"ಒತ್ತಿದ್ದು ನಾನೇ. ಓದಬೇಕಿತ್ತು. ಓದಲಿಲ್ಲ."

ಅಷ್ಟೇ ಹೇಳಿದರು. ಏನನ್ನು ಒತ್ತಿದ್ದು, ಅದನ್ನು ಮಾಡಿಕೊಟ್ಟವರು ಯಾರು, ಇಪ್ಪತ್ತಾರು ಎಂದದ್ದು ಯಾರು, ಒಂದನ್ನೂ ಹೇಳಲಿಲ್ಲ. ಮೇಜಿನ ಆ ಕಡೆ ಕೂತ ಅವಳು ಬಾಯಿ ತೆರೆದಳು. ಆಗ ಮ್ಯಾನೇಜರು, "ವಯಸ್ಸಾಯ್ತು ನಿಮಗೆ," ಎಂದರು. ಗಡ್ಡದವನು ಅವಳ ಕಡೆ ತಿರುಗಿ ಹುಬ್ಬು ಹಾರಿಸಿದ. ಅವಳ ಬಾಯಿ ಹಾಗೆಯೇ ಮುಚ್ಚಿಕೊಂಡಿತು. ಹೆರಿಗೆ ರಜೆಯಿಂದ ಬಂದು ನಾಲ್ಕು ತಿಂಗಳಾಗಿತ್ತಷ್ಟೇ; ಮಗು ಆದ ಮೇಲೆ ಇವಳ ಗಮನ ಇಲ್ಲಿಲ್ಲ ಎಂಬ ಮಾತನ್ನು ಆಗಲೇ ಎರಡು ಸಲ ಕೇಳಿದ್ದಳು.

ಸಂಜೆ ಮಗುವಿಗೆ ಸ್ನಾನ ಮಾಡಿಸುತ್ತ ಗಂಡನಿಗೆ ಎಲ್ಲ ಹೇಳಿದಳು. ಅವನು ಟವೆಲ್ ಹಿಡಿದು ನಿಂತಿದ್ದ.

"ಆ ಮಗುಗೆ ಏನೂ ಆಗ್ಲಿಲ್ವಲ್ಲ, ಬಿಡು," ಎಂದ.

"ಒಂದು ಗಂಟೆ ಹತ್ತು ನಿಮಿಷ ನಿಂತಿತ್ತು ಅಂತಿದ್ದೀನಿ!"

"ನನ್ನ ಮೇಲೆ ಯಾಕೆ ಕಿರುಚ್ತೀಯ? ನಾಳೆ ಹೋಗಿ ಹೇಳು ಮತ್ತೆ."

ಅವನು ಹೇಳಿದ್ದು ನ್ಯಾಯವೇ. ಗುರುವಾರ ಹೇಳಲೆಂದೇ ಅವಳು ಎಲ್ಲರಿಗಿಂತ ಮುಂಚೆ, ಎಂಟು ಗಂಟೆಗೆ ಆಫೀಸಿಗೆ ಹೋದಳು. ಮಹಡಿ ಖಾಲಿ ಇತ್ತು. ಮೇಷ್ಟ್ರ ಕುರ್ಚಿ ಖಾಲಿ ಇತ್ತು. ಅವರ ಕಂಪ್ಯೂಟರಿನ ಪಾಸ್‌ವರ್ಡ್ ಅವರ ಅಕ್ಕನ ಹೆಸರು ಎಂಬುದು ಇಡೀ ಆಫೀಸಿಗೆ ಗೊತ್ತಿದ್ದ ಗುಟ್ಟು. ಅವಳು ಕೂತಳು. ಸುಮ್ಮನೆ ಒಮ್ಮೆ ನೋಡುವಾ ಎಂದುಕೊಂಡಳು. ಎಲ್ಲಿ ತಪ್ಪಿತೆಂದು ತಿಳಿದರೆ ಮ್ಯಾನೇಜರಿಗೆ ಸರಿಯಾಗಿ ಹೇಳಬಹುದಲ್ಲ. ನೋಡಿದಳು, ತಿಳಿಯಿತು. ಆಮೇಲೆ ಅವಳ ಬೆರಳುಗಳು, ಮನಸ್ಸಿಗಿಂತ ಮುಂದೆ ಓಡುವ ಅದೇ ಬೆರಳುಗಳು, ಮ್ಯಾಕ್ರೋವನ್ನು ಅಳಿಸಿಬಿಟ್ಟವು. ಹಸಿರು ಚುಕ್ಕಿಯನ್ನು ಉಗುರಿನಿಂದ ಕೆರೆದು ತೆಗೆದಳು. ಅಂಟು ಉಳಿಯಿತು. ನೀರು ಹಚ್ಚಿ ಅದನ್ನೂ ಒರೆಸಿದಳು.

ಮಧ್ಯಾಹ್ನ ಮೇಷ್ಟ್ರು ಆ ಕೀ ಒತ್ತಿದ್ದನ್ನು ಅವಳು ತನ್ನ ಮೇಜಿನಿಂದಲೇ ಕಂಡಳು. ಮತ್ತೊಮ್ಮೆ ಒತ್ತಿದರು. ಬೆರಳ ತುದಿಯಿಂದ ಅದರ ಮೇಲ್ಮೈ ಸವರಿ ನೋಡಿದರು. ಆಮೇಲೆ ಅಡಿಪಟ್ಟಿ ಎತ್ತಿಕೊಂಡು ಒಂದೊಂದೇ ಸಾಲು ಕೈಯಿಂದ ತಿದ್ದತೊಡಗಿದರು. ಅವಳ ಕಡೆ ತಿರುಗಲಿಲ್ಲ. ನಾಲ್ಕು ಗಂಟೆಗೆ ಅಕ್ಕನ ಫೋನ್ ಬಂದಾಗ, "ಹೂಂ," ಎಂದಷ್ಟೇ ಹೇಳಿ ಇಟ್ಟರು.

ಶುಕ್ರವಾರ ಮ್ಯಾನೇಜರು ತೀರ್ಮಾನ ಹೇಳಿದರು. ಸೋಮವಾರದಿಂದ ಮೇಷ್ಟ್ರು ಬೆಳಗಿನ ಪಾಳಿಯಲ್ಲಿ ಫೋನ್ ಎತ್ತುತ್ತಾರೆ. ಬಸ್ಸು ಎಲ್ಲಿದೆ ಎಂದು ಕೇಳುವ ಪೋಷಕರಿಗೆ ಉತ್ತರ ಕೊಡುವ ಕೆಲಸ. ಪಟ್ಟಿಯನ್ನು ಅವರು ಇನ್ನು ಮುಟ್ಟುವ ಹಾಗಿಲ್ಲ. ಮೇಷ್ಟ್ರು ತಲೆಯಾಡಿಸಿ, ಅಡಿಪಟ್ಟಿಯನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಎದ್ದರು. ಅದು ಜೇಬಿನಿಂದ ಅರ್ಧ ಹೊರಗೇ ಇತ್ತು.

ಅದನ್ನು ನೋಡಿದ ಮೇಲೆ ಅವಳಿಗೆ ಕೂರಲಾಗಲಿಲ್ಲ. ನೇರ ಮ್ಯಾನೇಜರ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ನಿಂತೇ ಹೇಳಿದಳು. ಮ್ಯಾಕ್ರೋ ತನ್ನದು, ಇಪ್ಪತ್ತಾರು ಎಂದದ್ದು ತಾನು, ಓದಬೇಡಿ ಎಂದದ್ದು ತಾನು, ನೋಡದೆಯೇ ಪರಿಶೀಲಿಸಿದೆ ಎಂದು ಗುರುತು ಹಾಕಿದ್ದೂ ತಾನೇ. ಬೈಗುಳಕ್ಕೆ ಮೈಯೆಲ್ಲ ಬಿಗಿಹಿಡಿದಿದ್ದಳು.

ಮ್ಯಾನೇಜರು ಕನ್ನಡಕ ತೆಗೆದರು. "ಅಂದ್ರೆ, ಅವರು ಎರಡು ಗಂಟೆ ಮಾಡೋ ಕೆಲಸ ಒಂದೇ ಕೀ ಒತ್ತಿದ್ರೆ ಆಗತ್ತಾ?"

"ಸರ್, ತಪ್ಪಾಗಿದ್ದೇ ಅದರಿಂದ..."

"ತಪ್ಪು ಸರಿ ಮಾಡಮ್ಮ. ಅದಕ್ಕೇ ಅಲ್ವಾ ನೀನಿರೋದು? ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಸೋಮವಾರದಿಂದ ಪಟ್ಟಿ ನೀನೇ ನೋಡ್ಕೋ."

"ಮೇಷ್ಟ್ರನ್ನ ವಾಪಸ್ ಕೂರಿಸಿ ಸರ್. ಅವರು ಓದಬೇಕು. ಓದದೆ ಕಳಿಸಬಾರದು."

"ಓದೋಕೆ ಅಂತ ಒಬ್ಬ ಮನುಷ್ಯನ್ನ ಇಟ್ಕೊಳ್ಳೋಕಾಗತ್ತೇನಮ್ಮ? ಹೋಗು, ಮಗು ಕಾಯ್ತಿರತ್ತೆ."

ಅವಳು ಹೊರಗೆ ಬಂದಳು. ತಪ್ಪೊಪ್ಪಿಕೊಂಡರೆ ಶಿಕ್ಷೆಯಾಗುತ್ತದೆ, ಶಿಕ್ಷೆಯಾದರೆ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದಳು. ಅವಳಿಗೆ ಸಿಕ್ಕಿದ್ದು ಮೇಷ್ಟ್ರ ಕೆಲಸ. ಅಳಿಸಿ ಹಾಕಿದ್ದನ್ನು ಮಾತ್ರ ಅವಳು ಒಳಗೂ ಹೇಳಿರಲಿಲ್ಲ. ಅದು ಬಾಯಿಗೇ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಅವಳು ಆಫೀಸಿನಲ್ಲಿದ್ದಳು. ಡೇಕೇರ್ ತೆರೆಯುವುದು ಎಂಟಕ್ಕೆ, ಹಾಗಾಗಿ ಮಗಳೂ ಕಂಕುಳಲ್ಲಿ. ಫೋನಿನ ಮೇಜು ಕಿಟಕಿಯ ಪಕ್ಕ. ಮೇಷ್ಟ್ರು ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಮುಂದೆ ಹರಡಿಕೊಂಡಿದ್ದರು.

"ಮ್ಯಾನೇಜರಿಗೆ ಎಲ್ಲ ಹೇಳ್ದೆ ಮೇಷ್ಟ್ರೇ," ಎಂದಳು.

"ಗೊತ್ತಾಯ್ತು. ಅವರೇ ಫೋನ್ ಮಾಡಿದ್ರು. ನಿನ್ನ ಬುದ್ಧಿವಂತಿಕೆ ಬಗ್ಗೆ ಬಹಳ ಹೊಗಳಿದ್ರು."

ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. "ನೀವು ಅವತ್ತೇ ನನ್ನ ಹೆಸರು ಹೇಳಬಹುದಿತ್ತು."

"ಒತ್ತಿದ್ದು ನಾನು ತಾನೇ? ಎಷ್ಟು ನಿಲ್ದಾಣ ಅಂತ ನಂಗೆ ಬಾಯಿಪಾಠ ಇತ್ತು. ನೀನು ಬ್ಯಾಗು ಏರಿಸ್ಕೊಂಡು ನಿಂತಿದ್ದೆ. ಮಗು ನೆನಪಾಯ್ತು. ಆಯ್ತು ಬಿಡು ಅಂತ ಒತ್ದೆ. ಅದು ನನ್ನ ತಪ್ಪು, ಅದನ್ನ ನಿನಗೆ ಕೊಡಲ್ಲ." ಅವರು ಕಾಗದ ನೇರ ಮಾಡಿದರು. "ಆದ್ರೆ ಅಳಿಸಿದ್ದು ಯಾಕಮ್ಮ?"

ಮಗು ಕಾಗದಕ್ಕೆ ಕೈ ಚಾಚಿತು.

"ನಾನೇನು ಎತ್ತಿ ತೋರಿಸ್ತಿದ್ನಾ? ಹನ್ನೆರಡು ವರ್ಷದಲ್ಲಿ ಒಬ್ಬರ ಮೇಲೆ ಬೆರಳು ಮಾಡಿದ್ದೀನಾ? ಚುಕ್ಕಿನೂ ಕೆರೆದು ಹಾಕಿದ್ಯಲ್ಲ. ಅಂಟು ಒರೆಸಿದ್ದೀಯ. ನೀನು ಹೆದರಿದ್ದು ಮ್ಯಾನೇಜರಿಗೆ ಅಲ್ಲ, ನಂಗೆ. ಅದು ನಂಗೆ ಬೇಜಾರಾಯ್ತು."

"ಹೌದು ಮೇಷ್ಟ್ರೇ," ಎಂದಳು. "ತಪ್ಪಾಯ್ತು" ಎಂಬುದು ಬಾಯಿಗೆ ಬಂದರೂ, ಅದು ತೀರಾ ಸುಲಭದ ಮಾತೆನಿಸಿ ನುಂಗಿಕೊಂಡಳು.

ಫೋನ್ ರಿಂಗಾಯಿತು. ಮೇಷ್ಟ್ರು ಎತ್ತಿ ಕೇಳಿ, "ಒಂದು ನಿಮಿಷ ತಾಯಿ," ಎಂದು ಕೈಯಿಂದ ಫೋನಿನ ಬಾಯಿ ಮುಚ್ಚಿದರು. "ಎಂಟನೇ ಮಾರ್ಗ, ಮೂರನೇ ನಿಲ್ದಾಣ. ಆ ಹುಡುಗಿ ಅಮ್ಮ. ಮಗು ಕೊಡು ಇಲ್ಲಿ. ನೀನೇ ಮಾತಾಡು."

ಅವರು ಮಗುವನ್ನು ಎತ್ತಿಕೊಂಡರು. ಅವಳ ಕೈಗೆ ಫೋನ್ ಬಂತು.

"ಹಲೋ? ಬಸ್ಸು ಎಷ್ಟೊತ್ತಿಗೆ ರೀ?" ಬೆಳಗಿನ ರಸ್ತೆಯ ಗದ್ದಲದ ನಡುವೆ ಹೆಂಗಸಿನ ದನಿ.

"ಏಳು ಇಪ್ಪತ್ತೆರಡಕ್ಕೆ."

"ಖಂಡಿತಾನಾ? ಹೋದ ವಾರನೂ ನಿಮ್ಮ ಪಟ್ಟೀಲಿ ಖಂಡಿತ ಅಂತಾನೇ ಇತ್ತು."

"ಹೋದ ವಾರ ಆ ಪಟ್ಟಿ ತಪ್ಪಾಗಿದ್ದು ನನ್ನಿಂದ. ನಾನು ನೋಡದೆ ಕಳಿಸ್ದೆ. ಮನೆಗೆ ಬೇಗ ಹೋಗೋ ಆತುರ."

ಆ ಕಡೆ ಲಾರಿಯೊಂದು ಹಾದುಹೋದದ್ದು ಕೇಳಿಸಿತು.

"ಮನೆಗೆ ಹೋಗೋ ಆತುರ," ಎಂದಳು ಆ ಹೆಂಗಸು. ಬೈಗುಳದ ಹಾಗಿರಲಿಲ್ಲ, ಕ್ಷಮಿಸಿದ ಹಾಗಂತೂ ಇರಲಿಲ್ಲ. "ನಂಗೂ ಕೆಲಸಕ್ಕೆ ಹೋಗೋ ಆತುರ ಇತ್ತು ಅವತ್ತು. ಈಗ ದಿನಾ ಪಾಳಿಗೆ ತಡ. ಬಸ್ಸು ಹತ್ತಿಸದೆ ನಂಗೆ ಕಾಲು ಕೀಳೋಕಾಗಲ್ಲ. ಮೇಸ್ತ್ರಿ ಬೈತಾನೆ."

"ಬಸ್ಸು ಬರೋ ತನಕ ನಾನು ಫೋನ್ ಇಡಲ್ಲ."

"ನಿಮ್ಮಿಷ್ಟ."

ಗಂಟೆ ಏಳು ಹದಿನೈದು. ಅವಳು ಮೇಷ್ಟ್ರ ಕುರ್ಚಿಯ ಕೈ ಹಿಡಿದು ನಿಂತಳು. ಪಕ್ಕದಲ್ಲಿ ಅವರು ಇನ್ನೊಂದು ಫೋನಿನಿಂದ ಎಂಟನೇ ಮಾರ್ಗದ ಚಾಲಕನಿಗೆ ಕರೆ ಹಚ್ಚಿ, ಎಲ್ಲಿದ್ದೀಯಪ್ಪಾ ಎಂದು ಕೇಳುತ್ತಿದ್ದರು. ಆ ತಾಯಿಯೂ ಫೋನ್ ಇಡಲಿಲ್ಲ. ಇಬ್ಬರೂ ಒಬ್ಬರ ಉಸಿರನ್ನೊಬ್ಬರು ಕೇಳುತ್ತ ಕಾದರು.